ಹದಿನಾಲ್ಕೂವರೆ ಚದರ ಎಲ್ಲಿದೆ, ಅಕ್ಕ?

ಸ್ಟಟ್‌ಗಾರ್ಟ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ಭಾವ ಕಳಿಸಿದ ಬ್ರೋಷರ್ ನೋಡಿದೆ. ಬೆಂಗಳೂರಲ್ಲಿ ಕೊನೆಗೂ ಒಂದು ಮನೆ ಅಂತ ನೀನು ಹೇಳಿದಾಗ ನನಗೂ ತುಂಬಾ ಖುಷಿಯಾಯಿತು. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಈ ಪತ್ರ ಪೂರ್ತಿ ಓದು. ಫೋನಲ್ಲಿ ಹೇಳಿದರೆ ಲೆಕ್ಕ ತಲೆಗೆ ಹತ್ತೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"1,450 ಚದರಡಿ, ಹದಿನಾಲ್ಕೂವರೆ ಚದರ, ದಾವಣಗೆರೆ ಮನೆಗಿಂತ ದೊಡ್ಡದು" ಅಂದೆ ನೀನು. ಅಲ್ಲೇ ನನಗೆ ಹೆದರಿಕೆಯಾಗಿದ್ದು. ನಮ್ಮ ಮನೆ ಹನ್ನೆರಡು ಚದರ ಅಂತ ಅಪ್ಪ ಹೇಳುತ್ತಿದ್ದರಲ್ಲ, ಅದು ಮೇಸ್ತ್ರಿ ಲೆಕ್ಕ. ಹೊರಗೋಡೆಯಿಂದ ಹೊರಗೋಡೆಗೆ ಹಿಡಿದದ್ದು. ಅಷ್ಟೂ ನಮ್ಮದೇ. ಬ್ರೋಷರಿನ 1,450 ಹಾಗಲ್ಲ.

ನಾವು ಇಲ್ಲಿ ಜರ್ಮನಿಯಲ್ಲಿ ಮನೆ ಕೊಂಡಾಗ ಆದದ್ದು ಹೇಳ್ತೀನಿ. ನಮ್ಮದು ಛಾವಣಿ ಕೆಳಗಿನ ಮಹಡಿ, ಇಳಿಜಾರು ಸೂರು. ಜಾಹೀರಾತಿನಲ್ಲಿ 80 ಚದರ ಮೀಟರ್ ಅಂತಿತ್ತು. ಇಲ್ಲಿ ವಾಸದ ಜಾಗ ಅಳೆಯೋಕೆ 2004ರಿಂದ ಒಂದು ಸರ್ಕಾರಿ ನಿಯಮ ಇದೆ. ಸೂರು 2 ಮೀಟರ್ ಅಥವಾ ಅದಕ್ಕಿಂತ ಎತ್ತರ ಇದ್ದ ಕಡೆ ನೆಲ ಪೂರ್ತಿ ಲೆಕ್ಕಕ್ಕೆ. 1ರಿಂದ 2 ಮೀಟರ್ ನಡುವೆ ಇದ್ದರೆ ಅರ್ಧ. 1 ಮೀಟರಿಗಿಂತ ತಗ್ಗಾದರೆ ಸೊನ್ನೆ. ಬಾಲ್ಕನಿ ಸಾಮಾನ್ಯವಾಗಿ ಕಾಲು ಭಾಗ ಮಾತ್ರ. ಕೆಳಗಿನ ಸಾಮಾನಿನ ನೆಲಮಾಳಿಗೆ ಲೆಕ್ಕಕ್ಕೇ ಇಲ್ಲ. ಮನುಷ್ಯ ನೆಟ್ಟಗೆ ನಿಲ್ಲೋಕಾಗದ ಜಾಗಕ್ಕೆ ಪೂರ್ತಿ ಅಳತೆ ಕೊಡೋದಿಲ್ಲ ಅನ್ನೋದು ನನಗೆ ಬಹಳ ನ್ಯಾಯವಾಗಿ ಕಂಡಿತು.

ಇಲ್ಲಿ ಮನೆಮನೆಯಲ್ಲೂ ಮಡಚುವ ಮರದ ಅಳತೆಕೋಲು ಇರುತ್ತದೆ. ಪೂರ್ತಿ ಬಿಚ್ಚಿದರೆ ಸರಿಯಾಗಿ 2 ಮೀಟರ್. ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಮಲಗುವ ಕೋಣೆಯಲ್ಲಿ ಗೋಡೆ ಕಡೆಗೆ ಸರಿಯುತ್ತಾ ಹೋದೆ. ಕೋಲಿನ ತುದಿ ಸೂರಿಗೆ ತಾಗಿದಲ್ಲಿ ನೆಲದ ಮೇಲೆ ಬಿಳಿ ಟೇಪು ಅಂಟಿಸಿದೆ. ಆಮೇಲೆ ಕೋಲನ್ನು ಅರ್ಧಕ್ಕೆ ಮಡಚಿ ಇನ್ನೊಂದು ಟೇಪು. ಮಗಳು ಆ ಎರಡು ಗೆರೆ ನಡುವೆ ಕೂತು ಪೆನ್ಸಿಲ್ಲಲ್ಲಿ ಬರೆದುಕೊಂಡಳು. ಕೋಣೆ ಉದ್ದ 4 ಮೀಟರ್, ಅಗಲ ನಾಲ್ಕೂವರೆ. ಅಗಲದಲ್ಲಿ ಅರ್ಧ ಮೀಟರಿಗೆ ಬೆಲೆ ಇಲ್ಲ, 1 ಮೀಟರಿಗೆ ಅರ್ಧ ಬೆಲೆ, ಉಳಿದ 3 ಮೀಟರಿಗೆ ಪೂರ್ತಿ. ಕಾಲಿಗೆ ಸಿಗುವ ನೆಲ 18, ನಿಯಮದ ಲೆಕ್ಕ 14. ಮಗಳ ಕೋಣೆಯಲ್ಲಿ 3 ಕಮ್ಮಿಯಾಯಿತು. 8 ಚದರ ಮೀಟರ್ ಬಾಲ್ಕನಿಯನ್ನು ಅವರು ಅರ್ಧ ಹಿಡಿದಿದ್ದರು, ನಾವು ಕಾಲು ಹಿಡಿದೆವು, ಅಲ್ಲಿ 2 ಹೋಯಿತು. ಒಟ್ಟು 71.

ಮಾರುವವರು ಸುಳ್ಳು ಹೇಳಿರಲಿಲ್ಲ. ಎತ್ತರ ನೋಡದೆ ನೆಲ ಅಳೆಯುವ ಇನ್ನೊಂದು ಮಾನವೂ ಇಲ್ಲಿದೆ, ಅದನ್ನು ಹಿಡಿದಿದ್ದರು. ಹಾಳೆ ಮುಂದಿಟ್ಟಾಗ ಬೆಲೆ ಇಳಿಸಿದರು. ಇಲ್ಲಿ ನೋಟರಿ ಕರಾರನ್ನು ಗಟ್ಟಿಯಾಗಿ ಓದಿಯೇ ಸಹಿ ಹಾಕಿಸಿಕೊಳ್ಳಬೇಕು. 71 ಅನ್ನೋ ಅಂಕಿ ಅವರ ಬಾಯಲ್ಲಿ ಬಂದಾಗಲೇ ನನಗೆ ನಿರಾಳವಾದದ್ದು.

ಈಗ ನಿನ್ನ ಮನೆಗೆ ಬರ್ತೀನಿ. 1,450 ಸೂಪರ್ ಬಿಲ್ಟಪ್. ಅದರಲ್ಲಿ ಹೊರಗೋಡೆ, ಬಾಲ್ಕನಿ, ಜೊತೆಗೆ ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸಿನ ನಿನ್ನ ಪಾಲೂ ಸೇರಿದೆ. ಬ್ರೋಷರಿನ ಕೊನೇ ಪುಟದ ಸಣ್ಣ ಅಕ್ಷರ ನೋಡಿದೆಯಾ? ಕಾರ್ಪೆಟ್ ಏರಿಯಾ, ಅಂದರೆ ಮನೆಯ ಒಳಗಿನ ನೆಲ, 986. ಹತ್ತು ಚದರವೂ ಇಲ್ಲ, ಅಕ್ಕ. 464 ಚದರಡಿ ಕೋಣೆಗಳ ಹೊರಗಿದೆ.

ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಬಂದ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಸ್ಪಷ್ಟವಾಗಿ ಹೇಳಿದೆ. ಹೊರಗೋಡೆ, ಪೈಪು ಹೋಗುವ ಶಾಫ್ಟು, ಬಾಲ್ಕನಿ, ತೆರೆದ ಟೆರೇಸು ಸೇರೋದಿಲ್ಲ. ಒಳಗಿನ ಅಡ್ಡಗೋಡೆ ಸೇರುತ್ತದೆ. ಹಾಗಾಗಿ 986 ಅಂದರೂ ಅಷ್ಟೂ ನೀನು ಚಾಪೆ ಹಾಸೋ ನೆಲ ಅಲ್ಲ.

ದರ ನೋಡು. ಚದರಡಿಗೆ 6,500 ಅಂದರು, 1,450ಕ್ಕೆ 94,25,000 ರೂಪಾಯಿ. ಅದೇ ದುಡ್ಡನ್ನು 986ರಿಂದ ಭಾಗಿಸಿದರೆ ಸುಮಾರು 9,560. ಭಾವ ನೋಡಿಬಂದ ಇನ್ನೊಂದು ಮನೆ "ದುಬಾರಿ" ಅಂದಿರಲ್ಲ, ಅದರ ಕಾರ್ಪೆಟ್ ಎಷ್ಟು ಅಂತ ಕೇಳಿ ಹೀಗೇ ಭಾಗಿಸಿ ನೋಡಿ. ಯಾವುದು ಅಗ್ಗ ಅನ್ನೋದು ಆಗ ಗೊತ್ತಾಗುತ್ತೆ. ಲಾಬಿ, ಲಿಫ್ಟು ಬೇಡ ಅಂತ ನಾನು ಹೇಳ್ತಿಲ್ಲ. ಅಮ್ಮ ಬಂದರೆ ಲಿಫ್ಟು ಬೇಕೇ ಬೇಕು. ಎಷ್ಟಕ್ಕೆ ಎಷ್ಟು ಕೊಡುತ್ತಿದ್ದೀವಿ ಅಂತ ಗೊತ್ತಿರಬೇಕು, ಅಷ್ಟೇ.

ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಆ ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಿ ನೋಡಿ. ಅಲ್ಲಿರೋ ಕಾರ್ಪೆಟ್ ಅಂಕಿಯೇ ಅಗ್ರಿಮೆಂಟಲ್ಲೂ ಇರಬೇಕು. ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಅಂತಲೂ ಬರೆಸಿಕೊಳ್ಳಿ. ಕಟ್ಟಡ ಹಳೆಯದಾದ ಮೇಲೆ ಉಳಿಯೋದು ಅದೇ.

ಶನಿವಾರ ಸೈಟಿಗೆ ಹೋಗ್ತೀರಲ್ಲ, ಅಪ್ಪನ ಹಳೇ ಸ್ಟೀಲ್ ಟೇಪು ಅಟ್ಟದ ಮೇಲಿನ ಡಬ್ಬಿಯಲ್ಲಿದೆ, ತಗೊಂಡು ಹೋಗಿ. ಮಾಡೆಲ್ ಫ್ಲಾಟ್ ಅಳೀಬೇಡಿ, ನಿಮಗೆ ಕೊಡೋ ಫ್ಲಾಟನ್ನೇ ಅಳೆಯಿರಿ. ಗೋಡೆಯಿಂದ ಗೋಡೆಗೆ ಭಾವ ಹಿಡಿಯಲಿ, ನೀನು ಬರೆದುಕೋ. ಆ ಹಾಳೆಯ ಫೋಟೋ ಅವತ್ತೇ ಕಳಿಸು, ನಾನು ಎದ್ದಿರ್ತೀನಿ.

ನಿನ್ನ ತಮ್ಮ