ಡೀಸೆಲ್ ವಾಸನೆ ಬಂದರೆ ಸುಮ್ನೆ ಬಿಡಬೇಡಿ

ಕಾರವಾರದ ಬೈತಖೋಲ ಬಂದರಿನ ಬೋಟಿನವರೆಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಹೇಗೂ ಬೋಟು ದಡದಲ್ಲೇ ಇರುತ್ತದೆ. ಹಳೇ ಡೀಸೆಲ್ ಟ್ಯಾಂಕ್ ಬಿಚ್ಚಿ ನೋಡಲು ಇದೇ ಸಮಯ.

ನಮ್ಮ ಬೋಟಿನಲ್ಲಿ ತಿಂಗಳುಗಟ್ಟಲೆ ಡೀಸೆಲ್ ವಾಸನೆ ಇತ್ತು. ಪೈಪಿನ ಕ್ಲಿಪ್ ಸಡಿಲ ಇರಬೇಕು ಅಂದುಕೊಂಡಿದ್ದೆ. ತಳದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡ ಮೇಲೆ ಟ್ಯಾಂಕ್ ಎತ್ತಿಸಿದೆವು. ಮೇಲಿನ ಪೇಂಟ್ ಚೆನ್ನಾಗೇ ಇತ್ತು. ಕೆಳಗೆ ರಬ್ಬರ್ ಪಟ್ಟಿ ಕೂತಿದ್ದ ಜಾಗದಲ್ಲಿ ಸಾಲಾಗಿ ತೂತು, ಒಂದರಲ್ಲಿ ಸೂಜಿಯೇ ತೂರಿತು! ಆ ಪಟ್ಟಿ ಉಪ್ಪುನೀರು ಹಿಡಿದಿಟ್ಟುಕೊಂಡಿತ್ತು. ಒಳಗೂ ಅಷ್ಟೇ. ಡೀಸೆಲ್‌ಗಿಂತ ನೀರು ಭಾರ, ತಳದಲ್ಲಿ ನಿಂತು ಕಬ್ಬಿಣ ತಿನ್ನುತ್ತದೆ.

ಹಳೇ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಸಿಡಿಯಬಹುದು. ಅಂಟು ಮೆತ್ತಿ ಒಂದು ಸೀಸನ್ ತಳ್ಳೋಣ ಅನ್ನುವವರೂ ಇದ್ದಾರೆ. ನಾನಂತೂ ಒಪ್ಪುವುದಿಲ್ಲ.

ಹೊಸದು ಮಾಡಿಸುವ ಮೊದಲು ಇಂಜಿನ್ ರೂಮಿನ ಬಾಯಿ ಅಳೆಯಿರಿ. ನಾವು ಮರೆತು ಎರಡು ಹಲಗೆ ಕೀಳಬೇಕಾಯಿತು. ಕೂರಿಸುವ ಮುನ್ನ 3 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿ, ಬೆಸುಗೆಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಟ್ಯಾಂಕ್ ವಾಪಸ್. ಗಾಳಿ ಜಾಸ್ತಿ ಬೇಡ, ತಗಡು ಉಬ್ಬುತ್ತದೆ. ಪೈಪುಗಳನ್ನೂ ಬದಲಿಸಿ. ಡೀಸೆಲ್‌ಗೆ ಬರುವ ಪೈಪೇ ಬೇಕು, ತೋಟದ ಪೈಪ್ ಅಲ್ಲ.

ಹಳೇ ಡೀಸೆಲ್ ಬಂದರಿನ ನೀರಿಗೆ ಚೆಲ್ಲಬೇಡಿ, ಕ್ಯಾನಿಗೆ ತುಂಬಿ. ಕೈಪಂಪ್ ನನ್ನ ಹತ್ತಿರ ಇದೆ, ಬೇಕಾದವರು ಒಯ್ಯಿರಿ. ಕಳೆದ ಸಲ ಒಯ್ದವರು ಚೌತಿ ಹೊತ್ತಿಗೆ ತಂದುಕೊಟ್ಟರು. ಈ ಸಲ ಸಂಜೆಯೊಳಗೆ, ಆಯ್ತಾ?