ಎರಡನೇ ಸಲ ಕೇಳಿದ ಸಿಸ್ಟರ್‌ಗೆ

ನಾನು ಕುಡಿಯೋದು ಬಿಟ್ಟು ಇವತ್ತಿಗೆ ಒಂದು ವರ್ಷ. ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು.

ನಾನು ಕುಡಿಯುತ್ತೇನೆ ಅಂತಲೇ ಇದನ್ನು ಓದುವ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ವಿಜಯನಗರದಲ್ಲಿ ಮನೆ, ಅಕೌಂಟ್ಸ್ ಕೆಲಸ. ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ ಹಾಕೋದು ಒಮ್ಮೆಯೂ ತಪ್ಪಿಲ್ಲ. ಮನೆ ಸಾಲದ ಕಂತು, ಮಗನ ಫೀಸು, ಎಲ್ಲ ಹೇಳಿದ ದಿನಕ್ಕೆ. ರಾತ್ರಿ ಒಂಬತ್ತಾದ ಮೇಲೆ ಒಂದು ಕ್ವಾರ್ಟರ್. ಆಮೇಲಾಮೇಲೆ ಅದು ಎರಡಾಯಿತು. ಕೆಲಸ ಕೆಟ್ಟಿಲ್ಲ ಅಂದಮೇಲೆ ನಾನೂ ಕೆಟ್ಟಿಲ್ಲ ಅಂದುಕೊಂಡಿದ್ದೆ. ಕುಡುಕ ಅಂದರೆ ಬಾರ್ ಮುಂದೆ ಬಿದ್ದಿರುವವನು ಅಂತಲೇ ಅಲ್ವಾ ನಾವು ತಿಳಿದಿರೋದು?

ಕಳೆದ ವರ್ಷ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಅಡ್ಮಿಟ್ ಆದೆ. ಕುಡಿಯುತ್ತೀರಾ ಅಂತ ಕೇಳಿದಾಗ "ಯಾವಾಗಲೋ ಅಪರೂಪಕ್ಕೆ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ತಲೆ ತಗ್ಗಿಸಿದಳು. ಸಂಜೆ ಹೊತ್ತಿಗೆ ಕೈ ನಡುಗಲು ಶುರುವಾಯಿತು. ಮೈಯೆಲ್ಲ ಬೆವರು. ನೀರಿನ ಲೋಟ ಹಿಡಿಯಲು ಆಗಲಿಲ್ಲ.

ರಾತ್ರಿ ಡ್ಯೂಟಿಯ ಸಿಸ್ಟರ್ ಬಂದರು. ಕುರ್ಚಿ ಎಳೆದುಕೊಂಡು ಕೂತರು. "ಸರ್, ಕೊನೇ ಸಲ ಕುಡಿದಿದ್ದು ಯಾವಾಗ? ಬೈಯೋಕೆ ಕೇಳ್ತಿಲ್ಲ. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಹೀಗೆ ನಡುಕ ಬರುತ್ತೆ, ಹೇಳದೇ ಇದ್ರೆ ಫಿಟ್ಸೂ ಬರಬಹುದು." ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದೆ. ಹೇಳಿದ ಮೇಲೆ ಅತ್ತುಬಿಟ್ಟೆ. ಆಪರೇಷನ್ ಮುಂದೆ ಹಾಕಿ, ಮೊದಲು ನಡುಕಕ್ಕೆ ಔಷಧಿ, ಬಿ1 ವಿಟಮಿನ್ ಕೊಟ್ಟರು. ಸಿಸ್ಟರ್, ನೀವು ಎರಡನೇ ಸಲ ಕೇಳದೇ ಇದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ಅಲ್ಲಿಂದ ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಗೇಟನ್ನು ಎಷ್ಟೋ ವರ್ಷ ಬಸ್ಸಿನಿಂದ ನೋಡಿದ್ದೆ. ಒಳಗೆ ಕಾಲಿಡಲು ನಾಚಿಕೆಯಾಗುತ್ತಿತ್ತು. ಡಾಕ್ಟರ್ 10 ಪ್ರಶ್ನೆ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಪ್ರಶ್ನೆಗಳಂತೆ. 40ಕ್ಕೆ 8 ಬಂದರೇ ಎಚ್ಚರವಾಗಬೇಕು. ನನಗೆ 24 ಬಂತು. ಕೆಲಸ ಹೋಗಿದೆಯಾ ಅಂತ ಅದರಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲು ಆಗುತ್ತಾ, ಕುಡಿದದ್ದಕ್ಕೆ ಆಮೇಲೆ ಬೇಜಾರಾಗುತ್ತಾ, ಹತ್ತಿರದವರು ಕಡಿಮೆ ಮಾಡು ಅಂದಿದ್ದಾರಾ, ಇಂಥವು. ತಾಳ್ಮೆಯಿಂದ ಕೇಳಿದ ಆ ಡಾಕ್ಟರ್‌ಗೆ ನನ್ನ ನಮಸ್ಕಾರ.

ಹೆಂಡತಿಗೆ ಏನು ಹೇಳಲಿ? ಒಂಬತ್ತರೊಳಗೆ ಮಗನಿಗೆ ಊಟ ಹಾಕಿ ಮಲಗಿಸುತ್ತಿದ್ದಳು. ಯಾಕೆ ಅಷ್ಟು ಬೇಗ ಅಂತ ನಾನು ಕೇಳಿಯೇ ಇರಲಿಲ್ಲ. ನೆಂಟರ ಮದುವೆಗಳಿಗೆ ಒಬ್ಬಳೇ ಹೋಗಿ "ಅವರಿಗೆ ಆಫೀಸ್ ಕೆಲಸ" ಅನ್ನುತ್ತಿದ್ದಳು. ಇಷ್ಟಾದರೂ "ನಾನು ಮೊದಲೇ ಹೇಳಿರಲಿಲ್ವಾ" ಅಂತ ಒಂದು ದಿನವೂ ಅನ್ನಲಿಲ್ಲ. ನನ್ನದು ತಪ್ಪಾಯಿತು. ನಿನ್ನ ಋಣ ದೊಡ್ಡದು.

ಹಾಗೇ, ದಿನಾ ಕುಡಿಯುವವರು ನನ್ನ ಕಥೆ ಓದಿ ಇವತ್ತೇ ಒಂದೇ ಏಟಿಗೆ ಬಿಡಲು ಹೋಗಬೇಡಿ. ಡಾಕ್ಟರ್‌ಗೆ ಹೇಳಿ, ಅವರು ಹೇಳಿದ ಹಾಗೆ ಬಿಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ.

ಕೊನೆಗೆ, ಕುಡಿತ ಬಿಟ್ಟವರು ಸೇರುವ ನಮ್ಮ ಭಾನುವಾರದ ಮೀಟಿಂಗ್‌ನವರು. ಅಲ್ಲಿ ಯಾರ ಊರು, ಕೆಲಸ ಯಾರೂ ಕೇಳಲ್ಲ. ಬಿಟ್ಟು ಇಪ್ಪತ್ತು ವರ್ಷ ಆಗಿರುವ ಒಬ್ಬ ಅಂಕಲ್ ಇದ್ದಾರೆ. ಮೊದಲ ವಾರದಿಂದ ರಾತ್ರಿ ಸರಿಯಾಗಿ ಒಂಬತ್ತಕ್ಕೆ ಫೋನ್ ಮಾಡುತ್ತಾರೆ. ಕೇಳೋದು ಒಂದೇ, "ಊಟ ಆಯ್ತೇನಪ್ಪಾ?"

ಆಯ್ತು ಅಂಕಲ್. ಇವತ್ತು ಮಗನ ಜೊತೆ ಕೂತು ಮಾಡಿದೆ.