ಆಲ್ಟೋ ಸಾಲಿನ ಮೂರನೇ ಕುರ್ಚಿ

ಡಿಸೆಂಬರ್ 24ರ ರಾತ್ರಿ ನಾನು ಮತ್ತೆ ನಮ್ಮ ಚರ್ಚಿನ ಹಾಡುವ ತಂಡದಲ್ಲಿ, ಅಂದರೆ ಕ್ವಾಯರ್‌ನಲ್ಲಿ, ಹಾಡಿದೆ. ಹದಿನಾಲ್ಕು ತಿಂಗಳ ಮೇಲೆ. ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಷ್ಟು ಗಂಟಲು ಇನ್ನೂ ಗಟ್ಟಿಯಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಅಕ್ಟೋಬರ್‌ನಲ್ಲಿ ನನಗೆ ಥೈರಾಯ್ಡ್ ಆಪರೇಷನ್ ಆಯ್ತು. ಧ್ವನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ. ಅಪರೂಪಕ್ಕೆ ಅದಕ್ಕೆ ಪೆಟ್ಟಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನನಗೆ ಹಾಗೇ ಆಯ್ತು. ಎಡಗಡೆಯ ಸ್ವರತಂತು ಅಲುಗಾಡದೆ ನಿಂತುಬಿಟ್ಟಿತು. ಎರಡೂ ತಂತು ಕೂಡಿದರೆ ತಾನೇ ದನಿ? ಬಾಯಿ ತೆರೆದರೆ ಬರೀ ಗಾಳಿ. ನೀರು ಕುಡಿದರೆ ಕೆಮ್ಮು. ಒಂದು ದಿನ ಅಮ್ಮನಿಗೆ ಫೋನ್ ಮಾಡಿ ಹಲೋ ಅಂದೆ. "ಯಾರು ಮಾತಾಡೋದು?" ಅಂದರು ಅಮ್ಮ. ಫೋನ್ ಇವರ ಕೈಗೆ ಕೊಟ್ಟು ಒಳಗೆ ಹೋಗಿ ಅತ್ತೆ.

ಆ ಕ್ರಿಸ್‌ಮಸ್‌ಗೆ ನಾನು ಚರ್ಚಿಗೆ ಹೋಗಲಿಲ್ಲ. ಎಲ್ಲರೂ ಹಾಡುವಾಗ ಸುಮ್ನೆ ಕೂರುವ ಧೈರ್ಯ ಇರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ 1918ರಿಂದ ಡಿಸೆಂಬರ್ 24ಕ್ಕೆ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಆರಾಧನೆ ನಡೆಯುತ್ತಿದೆ. ಬಿಬಿಸಿ ರೇಡಿಯೋದಲ್ಲಿ ಅದು ನೇರ ಪ್ರಸಾರ ಆಗುತ್ತದೆ. ಅಲ್ಲಿ ಮಧ್ಯಾಹ್ನ 3 ಗಂಟೆ, ನಮಗೆ ರಾತ್ರಿ 8.30. ಇವರು ಮೊಬೈಲ್‌ನಲ್ಲಿ ಅದನ್ನು ಹಾಕಿ ನನ್ನ ದಿಂಬಿನ ಪಕ್ಕ ಇಟ್ಟರು. ಮೊದಲ ಹಾಡಿನ ಮೊದಲ ಚರಣವನ್ನು ಒಬ್ಬ ಹುಡುಗ ಒಬ್ಬನೇ ಹಾಡುತ್ತಾನೆ. ಜೊತೆಗೆ ಆರ್ಗನ್ ಇಲ್ಲ, ಏನೂ ಇಲ್ಲ. ಆಮೇಲೆ ಉಳಿದವರು ಬಂದು ಸೇರಿಕೊಳ್ಳುತ್ತಾರೆ. ಅವರು ಸೇರುವ ಆ ಗಳಿಗೆಯಲ್ಲಿ ನನಗೆ ನಮ್ಮ ಕ್ವಾಯರ್ ಎಷ್ಟು ನೆನಪಾಯಿತು ಅಂದರೆ, ಹೇಗಾದರೂ ವಾಪಸ್ ಹೋಗಲೇಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಮೊದಲ ಥ್ಯಾಂಕ್ಸ್ ನನ್ನ ಸ್ಪೀಚ್ ಥೆರಪಿಸ್ಟ್ ಮೇಡಂಗೆ. ಅರ್ಧ ಲೋಟ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ಬರುವ ಹಾಗೆ ಊದುತ್ತಾ ಊಂ ಅನ್ನಬೇಕು. ದಿನಕ್ಕೆ ಐದು ಸಲ. ಮೊದಮೊದಲು ಗುಳ್ಳೆ ಮಾತ್ರ ಬರುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗುಳ್ಳೆಯ ಸದ್ದಿನ ಒಳಗಿಂದ ಸಣ್ಣದೊಂದು ಸ್ವರ ಬಂತು. ಅಡುಗೆಮನೆಯಲ್ಲಿ ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು, ನಾನು ಊದುವುದು ನಿಲ್ಲಿಸಲಿಲ್ಲ!

ನಮ್ಮ ಕ್ವಾಯರ್ ಮಾಸ್ಟ್ರಿಗೆ ಹೇಗೆ ಹೇಳಲಿ? "ಹಾಡೋದು ಬೇಡ, ಪ್ರಾಕ್ಟೀಸ್‌ಗೆ ಬಂದು ಕೂತ್ಕೊಳ್ಳಿ ಸಾಕು" ಅಂತ ಜುಲೈನಲ್ಲಿ ಅವರೇ ಮನೆಗೆ ಬಂದು ಕರೆದರು. ಹೋಗಿ ನೋಡಿದರೆ ಆಲ್ಟೋ ಸಾಲಿನ ಮೂರನೇ ಕುರ್ಚಿ ಖಾಲಿ ಇತ್ತು. ಅಷ್ಟು ತಿಂಗಳೂ ಯಾರನ್ನೂ ಅಲ್ಲಿ ಕೂರಿಸಿರಲಿಲ್ಲವಂತೆ.

ಆಲ್ಟೋ ಅಂದರೆ ನಡುವಿನ ದನಿ. ರಾಗ ಜಾಸ್ತಿ ಮೇಲಿನ ದನಿಯ ಸೊಪ್ರಾನೋದವರದು, ಬುಡ ಕೆಳದನಿಯ ಬೇಸ್‌ನವರದು. ಕೆಳಗೆ ಕೂತವರಿಗೆ ನಾವು ಬೇರೆಯಾಗಿ ಕೇಳಿಸುವುದೇ ಇಲ್ಲ. ಆದರೆ ಡೋ, ಮಿ, ಸೋ (ನಮ್ಮ ಸ, ಗ, ಪ ಇದ್ದ ಹಾಗೆ) ಮೂರೂ ಸ್ವರ ಕೂಡುವಲ್ಲಿ ಎಷ್ಟೋ ಸಲ ಆ ಮಿ ನಮ್ಮ ಪಾಲಿನದು. ಅದನ್ನು ತೆಗೆದರೆ ಹಾಡು ಟೊಳ್ಳು ಟೊಳ್ಳಾಗಿ ಕೇಳುತ್ತದೆ. ನನಗೆ ಆ ಜಾಗ ತುಂಬಾ ಇಷ್ಟ.

ಪಕ್ಕದ ಕುರ್ಚಿಯ ಆಂಟಿ ಮಾಡಿದ್ದನ್ನು ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಉದ್ದದ ಸ್ವರ ಬಂದಾಗ ಕ್ವಾಯರ್‌ನವರು ಒಟ್ಟಿಗೆ ಉಸಿರು ತೆಗೆಯುವುದಿಲ್ಲ. ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರು ಮೆಲ್ಲಗೆ ಬಿಟ್ಟು, ಉಸಿರು ತೆಗೆದುಕೊಂಡು, ಮೆಲ್ಲಗೆ ಸೇರುತ್ತಾರೆ. ಕೇಳುವವರಿಗೆ ಸ್ವರ ಕಡಿಯುವುದೇ ಇಲ್ಲ. ನನಗೆ ಈಗಲೂ ಉಸಿರು ಬೇಗ ಮುಗಿಯುತ್ತದೆ. ಆಂಟಿ ಡೋ, ರೇ, ಮಿ ಅಂತ ಸ್ವರ ಬರೆದ ನನ್ನ ಸೋಲ್ಫಾ ಹಾಳೆಗಳನ್ನು ಮನೆಗೆ ಒಯ್ದು, ನಾನು ಎಲ್ಲೆಲ್ಲಿ ನಿಲ್ಲಿಸಬಹುದು ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ತಂದರು. ಹನ್ನೊಂದು ಹಾಡಿಗೂ. "ಗೆರೆ ಇರುವಲ್ಲಿ ನೀನು ಧೈರ್ಯವಾಗಿ ಬಿಡು ಮಗಾ, ಅಲ್ಲಿ ನಾನು ಬಿಡುವುದಿಲ್ಲ" ಅಂದರು. ಅವರಿಗೆ ಎಪ್ಪತ್ತೊಂದು ವರ್ಷ.

ಕೊನೆಯ ಹಾಡು ಸೈಲೆಂಟ್ ನೈಟ್. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಅದನ್ನು ಮೊದಲ ಸಲ ಹಾಡಿದರು. ಪದ ಬರೆದ ಪಾದ್ರಿ ಜೋಸೆಫ್ ಮೋರ್ ಗಿಟಾರ್ ಹಿಡಿದಿದ್ದರು, ರಾಗ ಹಾಕಿದ ಮೇಷ್ಟ್ರು ಫ್ರಾಂಜ್ ಗ್ರೂಬರ್ ಕೆಳದನಿ ಹಾಡಿದರು. ಮಾಸ್ಟ್ರು ನಮಗೂ ಬರೀ ಗಿಟಾರ್ ಸಾಕು ಅಂದರು. ಕೀಬೋರ್ಡ್ ಇದ್ದರೆ ನನ್ನ ದನಿ ಮುಳುಗಿಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಶ್ರುತಿಯನ್ನೂ ಇಳಿಸಿದರು. ಚರ್ಚಿನ ಲೈಟ್ ಆರಿಸಿ ಎಲ್ಲರೂ ಮೇಣದಬತ್ತಿ ಹಚ್ಚಿದರು. ಎರಡನೇ ಚರಣದಲ್ಲಿ ನನಗೆ ಗಂಟಲು ಕಟ್ಟಿತು, ಈ ಸಲ ನರದಿಂದ ಅಲ್ಲ. ಪಕ್ಕದಲ್ಲಿ ಆಂಟಿಯ ಸ್ವರ ಹಾಗೇ ನಿಂತಿತ್ತು. ಉಸಿರು ತೆಗೆದು ಸೇರಿಕೊಂಡೆ. ಮೂರನೇ ಸಾಲಿನಲ್ಲಿ ಕೂತಿದ್ದ ಅಮ್ಮ ಆಮೇಲೆ "ನಿನ್ನ ಸ್ವರ ಕೇಳಿತು ನಂಗೆ" ಅಂದರು. ಆಲ್ಟೋದಲ್ಲಿ ಒಬ್ಬಳ ಸ್ವರ ಹಾಗೆ ಕೇಳುವುದಿಲ್ಲ. ಆದರೂ ನಂಬಿದೆ.

ಆರಾಧನೆ ಮುಗಿದ ಮೇಲೆ ಕೈ ಹಿಡಿದು ಮಾತಾಡಿಸಿದ ಎಲ್ಲರಿಗೂ, ಕ್ಯಾರಲ್ಸ್‌ಗೆ ಮನೆಮನೆಗೆ ಹೋದಾಗ ನನಗೆಂದೇ ಫ್ಲಾಸ್ಕ್‌ನಲ್ಲಿ ಬಿಸಿನೀರು ಹೊತ್ತುಕೊಂಡು ತಿರುಗಿದ ಟೆನರ್ ಹುಡುಗರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಭಾನುವಾರ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ನಮ್ಮನೆಗೆ ಬನ್ನಿ. ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಇನ್ನೂ ಎರಡು ಡಬ್ಬಿ ಇದೆ. ಆಂಟಿಗೆ ಮೆತ್ತಗಿನ ಕೇಕ್ ಬೇರೆ ತೆಗೆದಿಟ್ಟಿದ್ದೇನೆ.